ಕುತ್ತಿಗೆಗೆ ಬೇಕಾದ ಅಯೋಡಿನ್

ಪೀಣ್ಯದ ಹೈಸ್ಕೂಲೊಂದರಲ್ಲಿ ನಾನು ವಿಜ್ಞಾನ ಹೇಳಿಕೊಡುತ್ತಿದ್ದೆ. ಹೊರಗೆ ಮೆಟ್ರೋ ಕಂಬಗಳು ಏಳುತ್ತಿದ್ದ ವರ್ಷ, ನನ್ನ ಕುತ್ತಿಗೆಯಲ್ಲಿದ್ದ ಗಂಟು ಕ್ಯಾನ್ಸರ್ ಎಂದು ಗೊತ್ತಾಯಿತು. ಥೈರಾಯ್ಡ್ ಗ್ರಂಥಿಯನ್ನು ತೆಗೆದರು. ಉಳಿದಿರಬಹುದಾದ ಜೀವಕೋಶಗಳನ್ನು ಸಾಯಿಸಲು ವಿಕಿರಣ ಸೂಸುವ ಅಯೋಡಿನ್ ಕುಡಿಯಬೇಕು, ಆಮೇಲೆ ಕೆಲವು ದಿನ ಮಗುವಿನ ಹತ್ತಿರ ಸುಳಿಯಕೂಡದು ಎಂದರು ಡಾಕ್ಟರು. ಮಗಳಿಗಿನ್ನೂ ಎರಡು ವರ್ಷ. ಅವಳನ್ನು ಕರೆದುಕೊಂಡು ಹೋಗಲು ಬೇಗೂರಿನಿಂದ ಅವ್ವ ಬಂದಳು.

"ಉಪ್ಪಲ್ಲಿ ಆಕ್ತಾರಲ್ಲ, ಅದೇ ಅಯೋಡಿನ್ನಾ?" ಎಂದು ಕೇಳಿದಳು.

"ಅದೇ ಕಣವ್ವ. ಪರಮಾಣು ಒಳಗೆ ಪ್ರೋಟಾನ್ ಅಂತ ಕಣಗಳಿರ್ತವೆ. ಅವು ಐವತ್ಮೂರು ಇದ್ರೆ ಅಯೋಡಿನ್, ಇಪ್ಪತ್ತಾರಿದ್ರೆ ಕಬ್ಬಿಣ. ಉಪ್ಪಿನದ್ರಲ್ಲೂ ಐವತ್ಮೂರು, ಇದ್ರಲ್ಲೂ ಐವತ್ಮೂರು. ಅದಕ್ಕೇ ಉಳಿದಿರೋ ಥೈರಾಯ್ಡ್ ಜೀವಕೋಶಕ್ಕೆ ವ್ಯತ್ಯಾಸ ಗೊತ್ತಾಗಲ್ಲ, ಎಳ್ಕೊಂಡ್ಬಿಡುತ್ತೆ. ಇದ್ರಲ್ಲಿ ನ್ಯೂಟ್ರಾನ್ ಅನ್ನೋ ಇನ್ನೊಂದು ಥರದ ಕಣಗಳು ಜಾಸ್ತಿ. ಆ ಭಾರಕ್ಕೆ ನೆಟ್ಟಗೆ ನಿಲ್ಲಲ್ಲ, ಕಿರಣ ಬಿಡುತ್ತೆ."

"ಬಿಟ್ಟಾದ್ಮೇಲೆ? ನಿನ್ ಕತ್ತಲ್ಲೇ ಇರ್ತದಾ ಆ ಇಸ?"

"ಇಲ್ಲ. ಒಂದು ನ್ಯೂಟ್ರಾನೇ ಪ್ರೋಟಾನ್ ಆಗ್ಬಿಡುತ್ತೆ. ಐವತ್ನಾಲ್ಕಾದ್ರೆ ಅದು ಅಯೋಡಿನ್ನೇ ಅಲ್ಲ, ಕ್ಸೆನಾನ್ ಅನ್ನೋ ಅನಿಲ. ಯಾವುದಕ್ಕೂ ಅಂಟ್ಕೊಳ್ಳಲ್ಲ, ಉಸಿರಲ್ಲಿ ಹೋಗುತ್ತೆ."

"ಅಲ್ಲೀಗಂಟ ಮಗೀನ ನಾನ್ ನೋಡ್ಕತೀನಿ ಬುಡು," ಎಂದಳು. ಧೈರ್ಯದಿಂದಲೇ ಹೇಳಿದಳು, ಆದರೆ ಮಡಚಿಟ್ಟ ಮಗುವಿನ ಅಂಗಿಯನ್ನೇ ಬಿಚ್ಚಿ ಮತ್ತೆ ಮಡಚಿದಳು.

ಆಸ್ಪತ್ರೆಯ ಪ್ರತ್ಯೇಕ ಕೋಣೆಯಲ್ಲಿ, ಸೀಸದ ದಪ್ಪ ಡಬ್ಬಿಯೊಳಗಿದ್ದ ದ್ರವವನ್ನು ಸ್ಟ್ರಾ ಹಾಕಿ ಕುಡಿದೆ. ನೀರಿನ ಹಾಗೇ ಇತ್ತು. ಕೊಟ್ಟವರು ಬಾಗಿಲು ಎಳೆದುಕೊಂಡು ಹೋದರು. ಕ್ಯಾನ್ಸರ್ ಕೋಶಗಳು ಕೆಲವರಲ್ಲಿ ಅಯೋಡಿನ್ ಹಿಡಿಯುವುದನ್ನೇ ಬಿಟ್ಟುಬಿಡುತ್ತವೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಹಾಗಾದರೆ ಈ ಔಷಧಿಯಿಂದ ಏನೂ ಆಗದು. ಇನ್ನೊಂದು ಭಯ, ಅಯೋಡಿನ್ ಶ್ವಾಸಕೋಶದಲ್ಲೂ ಹಿಡಿದುಕೊಂಡರೆ ರೋಗ ಅಲ್ಲಿಗೂ ಹೋಗಿದೆ ಎಂದರ್ಥ. ಗಂಡ ಫ್ಯಾಕ್ಟರಿಯಿಂದ ಫೋನ್ ಮಾಡಿ "ಏನಾದ್ರೂ ಮಾತಾಡು" ಎಂದರೆ ಊಟಕ್ಕೆ ಏನು ಕೊಟ್ಟರೆಂದು ಹೇಳುತ್ತಿದ್ದೆ. ಅವ್ವ ಫೋನ್ ಮಾಡಿದಾಗ ಹಿಂದೆ ಮಗು ಅಳುವುದು ಕೇಳಿಸಿತು. ಫೋನ್ ಇಟ್ಟುಬಿಟ್ಟೆ.

ಅಯೋಡಿನ್ ಎಲ್ಲೆಲ್ಲಿ ಹಿಡಿದಿದೆ ಎಂದು ನೋಡುವ ಸ್ಕ್ಯಾನ್ ಆದ ದಿನ ಡಾಕ್ಟರು ಚಿತ್ರದತ್ತ ಬೆರಳು ತೋರಿಸಿದರು. "ಕುತ್ತಿಗೇಲಿ ಮಾತ್ರ ಹಿಡ್ಕೊಂಡಿದೆ ಮೇಡಂ. ಬೇರೆಲ್ಲೂ ಇಲ್ಲ." ಇನ್ನೊಮ್ಮೆ ಹೇಳಿ ಎಂದು ಕೇಳಿ, ಚಿತ್ರವನ್ನೇ ನೋಡುತ್ತಾ ಕೂತೆ. ಗಂಡ ತೋಳು ಹಿಡಿದು ಎಬ್ಬಿಸಿದರು.

ಹೇಳಿದಷ್ಟು ದಿನ ಕಳೆದ ಮೇಲೆ ಬೇಗೂರಿಗೆ ಹೋದೆ. ಮಗಳು ಅವ್ವನ ಸೀರೆ ಹಿಡಿದುಕೊಂಡು ಹಿಂದೆ ಅವಿತಳು. ಆ ಅಯೋಡಿನ್ ಇನ್ನೂ ಒಂದಿಷ್ಟು ನನ್ನೊಳಗೆ ಉಳಿದಿದ್ದರೆ ಎಂಬ ಅಳುಕು. ಕೈಗಳನ್ನು ಮಡಿಲಲ್ಲೇ ಇಟ್ಟುಕೊಂಡು ಬಾಗಿಲ ಬಳಿ ಕೂತೆ.

"ಡಾಕ್ಟ್ರು ಊಂ ಅಂದವ್ರಲ್ಲ, ಇನ್ಯಾಕವ್ವಾ ದೂರ ಕುಂತೀಯ?" ಎಂದು ಅವ್ವ ಗದರಿ, ಮಗುವನ್ನು ಎತ್ತಿ ನನ್ನ ತೊಡೆಯ ಮೇಲೆ ಕೂರಿಸಿದಳು. ಅದು ಕೊಸರಾಡಿತು, ಅತ್ತಿತು. ಆಮೇಲೆ ನನ್ನ ಹೆಗಲಿಗೆ ಮೂಗು ಒರೆಸಿಕೊಂಡು ಅಲ್ಲೇ ಒರಗಿತು.