ಎರಡೂವರೆ ಕಿಲೋ

ಕೂತಲ್ಲಿ ಕೂರದ ಹೆಣ್ಣು ಕಾಂಚನ. ವೈದ್ಯಕೀಯ ಕಾಲೇಜಿನಲ್ಲಿ ಶರೀರಕ್ರಿಯಾಶಾಸ್ತ್ರ ಕಲಿಸುವವಳು, ಪಾಠ ಮುಗಿಸಿ ಮನೆಗೆ ಹೋಗಿ ತಣ್ಣಗೆ ಚಹಾ ಕುಡಿಯಬಹುದಿತ್ತು. ಅದು ಬಿಟ್ಟು ಹದಿನೆಂಟು ವರ್ಷದಿಂದ ಚಿಕ್ಕೋಡಿ ಕಡೆಯ ತನ್ನ ಹುಟ್ಟೂರಿಗೆ ಎಡತಾಕುತ್ತಿದ್ದಾಳೆ. ತಾಯಿಯ ಹೊಟ್ಟೆಯಲ್ಲೇ ಸೊರಗಿ ಹಗುರಾಗಿ ಹುಟ್ಟಿದ ಕೂಸಿಗೆ ಮುಂದೆ ಸಕ್ಕರೆ ಕಾಯಿಲೆ ಬೇಗ ಬರುತ್ತದೆ ಎಂಬುದನ್ನು ಈ ಊರಿನ ಮಕ್ಕಳಲ್ಲೇ ತೋರಿಸಬೇಕೆಂಬುದು ಅವಳ ಹಟ. ಅವಳು ಹೊಸ್ತಿಲು ತುಳಿದರೆ ಸಾಕು, "ಬಂದ್ಲಪಾ ತಕ್ಕಡಿ ಡಾಕ್ಟರಬಾಯಿ" ಎಂದು ಜನ ನಗುತ್ತಿದ್ದರು.

ಊರ ದವಾಖಾನೆಯ ದಾಖಲೆಯಿಂದ ಹುಟ್ಟಿದಾಗಿನ ತೂಕ ತೆಗೆದು ಆರುನೂರು ಮಕ್ಕಳ ಪಟ್ಟಿ ಮಾಡಿದ್ದಳು. ಎರಡೂವರೆ ಕಿಲೋಗಿಂತ ಕಡಿಮೆ ಇದ್ದವರಿಗೆ ವರ್ಷವರ್ಷ ರಕ್ತಪರೀಕ್ಷೆ. ಉಳಿದವರಿಗೆ, "ನಿಮಗ ಚಿಂತಿಲ್ಲ, ಹೋಗ್ರಿ" ಎಂದು ತಾನೇ ಬಾಯಿತುಂಬ ಹೇಳಿದ್ದಳು. ಈ ವರ್ಷ ಎಲ್ಲರ ರಕ್ತ ನೋಡಿದರೆ, ಸರಿಯಾಗಿ ಎರಡೂವರೆ ಎಂದು ದಾಖಲಾಗಿದ್ದವರಲ್ಲೇ ನಲವತ್ತು ಜನರ ಸಕ್ಕರೆ ಏರಿತ್ತು. ಕಾಂಚನಳಿಗೆ ಅನ್ನ ಸೇರಲಿಲ್ಲ. ತಾನು ನಂಬಿದ್ದು ಸುಳ್ಳೋ, ದಾಖಲೆ ಸುಳ್ಳೋ? ಹಳೆಯ ಪುಟಗಳನ್ನು ಮತ್ತೆ ತಿರುವಿದಳು. ಎರಡೂವರೆ, ಎರಡೂವರೆ, ಎರಡೂವರೆ. ಎಲ್ಲ ಒಂದೇ ಕೈಬರಹ.

ಬರೆದವರು ನರ್ಸ್ ಬಿಸ್ಮಿಲ್ಲಾ. ನಿವೃತ್ತಿಯಾಗಿ ಸದಲಗಾದಲ್ಲಿ ಮಗಳ ಮನೆಯಲ್ಲಿದ್ದರು. ಕಾಂಚನ ಚಪ್ಪಲಿ ಬಿಟ್ಟವಳೇ ದಾಖಲೆಯನ್ನು ಮುಂದೆ ಹಿಡಿದಳು.

"ಇಷ್ಟು ಕೂಸು ಒಂದ ತೂಕ ಹೆಂಗ ಹುಟ್ಟತಾವ್ರಿ ಬಾಯಾರ?"

ಮುದುಕಿ ಕನ್ನಡಕವನ್ನೂ ಹುಡುಕಲಿಲ್ಲ. "ಹುಟ್ಟಿಲ್ಲ. ನಾನ ಬರದೀನಿ. ಕಡಿಮಿ ತೂಕ ಅಂದ್ರ ಅತ್ತಿ ಸುಮ್ನಿರ್ತಾಳೇನು? ಇಲಿಮರಿ ಹಡದಾಳ ಅಂತ ಬಾಣಂತಿನ್ನ ಹುರದು ಮುಕ್ಕತಿದ್ರು. ಸಾವಿರ ಸುಳ್ಳ ಹೇಳಿ ಮದಿವಿ ಮಾಡ್ತಾರ. ನಾ ಒಂದ ಸುಳ್ಳ ಬರದು ಸಂಸಾರ ಉಳಿಸೀನಿ."

"ಅದನ್ನ ನಂಬಿ ನಲವತ್ತು ಹುಡುಗರನ್ನ ಕೈಬಿಟ್ಟೇನ್ರಿ! ನನ್ನ ಹದಿನೆಂಟು ವರ್ಷ ಮಣ್ಣಪಾಲಾತು!" ಕಾಂಚನಳ ದನಿ ಬೀದಿಗೆ ಕೇಳಿತು. ಸಿಟ್ಟು ನ್ಯಾಯವಾದದ್ದೇ, ಯಾರು ಅಲ್ಲವೆನ್ನುತ್ತಾರೆ? "ಯಾವ ತಾಯಿ ಕೇಳಿದ್ಲು ನಿಮ್ಮನ್ನ, ಸುಳ್ಳ ಬರಿ ಅಂತ?"

ಬಿಸ್ಮಿಲ್ಲಾ ಅವಳನ್ನೇ ನೋಡಿದರು. "ನಿಮ್ಮವ್ವ ಕೇಳಿದ್ಲು. ನಾ ಆಗ ನೌಕರಿಗೆ ಹೊಸಾಕಿ. ನೀ ಎರಡು ಕಿಲೋಕ್ಕೂ ಮುಟ್ಟಿರ್ಲಿಲ್ಲ ಬೇ. ಅಕಿ ಅತ್ತಿ, ನಿಮ್ಮಜ್ಜಿ, ಬಾಗಲದಾಗ ನಿಂತಿದ್ಲು. ನಿಮ್ಮವ್ವ ನನ್ನ ಕೈ ಹಿಡದು ಅತ್ಲು. ನಾ ಬರದ ಮೊದಲ್ನೇ ಎರಡೂವರಿ ನಿಂದ."

ಅಜ್ಜಿ ಸಾಯುವವರೆಗೂ "ನಮ್ಮ ಮೊಮ್ಮಗಳು ಎರಡೂವರಿ ಕಿಲೋ" ಎಂದು ಊರಿಗೆಲ್ಲ ಹೇಳಿ, ಮೊದಲ ಹೋಳಿಗೆ ಕಾಂಚನಳ ತಾಟಿಗೇ ಹಾಕುತ್ತಿದ್ದಳು. ಆಗೆಲ್ಲ ಅವ್ವ ಒಲೆಯ ಮುಂದೆ ತಲೆ ತಗ್ಗಿಸುತ್ತಿದ್ದಳು. ಅದನ್ನು ನಾಚಿಕೆ ಎಂದುಕೊಂಡಿದ್ದಳು ಮಗಳು.

ಊರಿನವರ ರಕ್ತವನ್ನೆಲ್ಲ ತೆಗೆದವಳು ತನ್ನದನ್ನು ಒಮ್ಮೆಯೂ ನೋಡಿಕೊಂಡಿರಲಿಲ್ಲ. ಚೀಲದಿಂದ ಸೂಜಿಯನ್ನೂ ಸಕ್ಕರೆ ಅಳೆಯುವ ಯಂತ್ರವನ್ನೂ ತೆಗೆದು ಬೆರಳು ಚಾಚಿದಳು. ಬಿಸ್ಮಿಲ್ಲಾರೇ ಬೆರಳು ಹಿಡಿದು ಚುಚ್ಚಿದರು. ಯಂತ್ರ ಇನ್ನೂರ ಹನ್ನೆರಡು ಎಂದಿತು.

ಕಾಂಚನ ಪಟ್ಟಿಯನ್ನೂ ಪೆನ್ನನ್ನೂ ಅವರ ಮುಂದೆ ಸರಿಸಿದಳು. "ಇದ್ದ ತೂಕಾನ ಬರೀರಿ ಬಾಯಾರ, ಮೊದಲ ನಂದ."