ಸೂಸಮ್ಮನ ಕೈತುತ್ತು

ಬನ್ನಿಮಂಟಪದ ಕಡೆ ಕ್ರೈಸ್ತರ ಮನೆಗಳಲ್ಲಿ ಮದುವೆಯೋ ಮಗುವಿನ ಜ್ಞಾನಸ್ನಾನವೋ ಇದ್ದರೆ, ಹಂದಿ ಮಾಂಸ ಬೇಯಿಸಲು ಸೂಸಮ್ಮನೇ ಬರಬೇಕು. ಹಂಡೆ ಕುದಿ ಬರುವ ಮೊದಲೇ ಒಂದು ತುಂಡು ಬಾಯಿಗೆ ಹಾಕಿಕೊಂಡು ಉಪ್ಪು ನೋಡುವುದು ಅವಳ ಪದ್ಧತಿ. ಬೆಂದ ಮೇಲೆ ಉಪ್ಪು ಹಾಕಿದರೆ ಮಾಂಸಕ್ಕೆ ಹಿಡಿಯುವುದಿಲ್ಲ ಎಂದು ಅವಳ ವಾದ.

"ಹಂದಿ ಇನ್ನೂ ಉಸಿರಾಡ್ತಾ ಅದೆ, ಆಗ್ಲೇ ತಿಂದ್ಬುಟ್ಯಲ್ಲಕ್ಕಾ!" ಎಂದು ಮಾಂಸ ಕತ್ತರಿಸುವ ಆಂತೋಣಿ ರೇಗಿಸುತ್ತಿದ್ದ.

"ನಿನ್ ಮುಖ ನೋಡಿ ಹೆದರ್ಕೊಂಡೇ ಅರ್ಧ ಬೆಂದೋಗಿರ್ತದೆ ಬುಡೋ," ಎನ್ನುತ್ತಿದ್ದಳು ಸೂಸಮ್ಮ.

ಮಗ ನವೀನ್ ಲಾರಿ ಓಡಿಸುತ್ತಾನೆ, ಊರಲ್ಲಿರುವುದು ಕಡಿಮೆ. ಸೊಸೆ ಬೀನಾ ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಕೆಲಸಕ್ಕೆ ಹೋಗುತ್ತಿದ್ದಳು. ಹಾಗಾಗಿ ಮೊಮ್ಮಗಳು ಏಂಜೆಲಿನ್ ಬೆಳೆದದ್ದು ಅಜ್ಜಿಯ ಮಡಿಲಲ್ಲೇ. ಮಾಂಸದ ವಾಸನೆಗೇ ಮೂಗು ಮುಚ್ಚಿಕೊಳ್ಳುವ ಹುಡುಗಿ. ಮೊಸರನ್ನ ಕಲಸಿ, ಉಂಡೆ ಮಾಡಿ, ಅಜ್ಜಿ ಬಾಯಿಗಿಟ್ಟರೆ ಮಾತ್ರ ಊಟ.

ಒಂದು ಸಂಜೆ ತಲೆ ಬಾಚಿಸಿಕೊಳ್ಳುತ್ತಿದ್ದ ಮಗು ಹಾಗೇ ಸೆಟೆದುಕೊಂಡು ಬಿತ್ತು. ಕೈಕಾಲು ಅದುರಿದವು, ಬಾಯಲ್ಲಿ ನೊರೆ ಬಂತು. ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದರು. ಮೆದುಳಲ್ಲಿ ಲಾಡಿಹುಳದ ಮರಿ ಗೂಡು ಕಟ್ಟಿದೆ, ಫಿಟ್ಸ್ ಬಂದಿರುವುದು ಅದರಿಂದ ಎಂದರು. ಲಾಡಿಹುಳ ಬರುವುದು ಹಂದಿಯಿಂದ ಎಂದು ಬೀನಾ ಎಲ್ಲೋ ಕೇಳಿದ್ದಳು.

"ನನ್ ಮಗಳು ಹಂದಿ ಮುಟ್ಟೇ ಇಲ್ಲ ಡಾಕ್ಟ್ರೇ. ಅವಳಿಗೆ ಹೇಗೆ ಬಂತು?"

"ಮಾಂಸ ಸರಿಯಾಗಿ ಬೇಯಿಸದೆ ತಿಂದವರಿಗೆ ಹುಳ ಹೊಟ್ಟೇಲಿ ಬೆಳೆಯುತ್ತೆ ಕಣಮ್ಮ. ಅದರ ಮೊಟ್ಟೆ ಅವರ ಮಲದಲ್ಲಿ ಹೊರಗೆ ಬರುತ್ತೆ. ಕೈ ಚೆನ್ನಾಗಿ ತೊಳೀದಿದ್ರೆ ಆ ಮೊಟ್ಟೆ ಇನ್ನೊಬ್ಬರ ಊಟಕ್ಕೆ ಸೇರ್ಕೊಳ್ಳುತ್ತೆ. ಮೆದುಳಿಗೆ ಹೋಗೋದು ಹಾಗೆ. ಮಾಂಸ ತಿನ್ನದವರಿಗೂ ಬರುತ್ತೆ. ಮನೇಲಿ ಎಲ್ಲರೂ ಪರೀಕ್ಷೆ ಮಾಡಿಸ್ಕೊಳ್ಳಿ."

ಸೂಸಮ್ಮ ಸೆರಗಿನೊಳಗೆ ಕೈ ಮುಚ್ಚಿಕೊಂಡಳು.

ಹುಳ ಇದ್ದದ್ದು ಅವಳೊಬ್ಬಳಲ್ಲೇ. "ನಿಮ್ಮಿಂದಲೇ ಬಂತು ಅಂತ ಖಚಿತವಾಗಿ ಹೇಳಕ್ಕಾಗಲ್ಲ," ಎಂದರು ಡಾಕ್ಟರು. "ಹೊರಗಿನ ನೀರು, ಹಸಿ ಸೊಪ್ಪು, ಯಾವುದರಿಂದಲೂ ಬರಬಹುದು." ಆ ಮಾತು ಸೂಸಮ್ಮನ ಕಿವಿಗೆ ಬೀಳಲೇ ಇಲ್ಲ. ಅವರು ಕೊಟ್ಟ ಮಾತ್ರೆಗೆ ಹುಳ ಹೋಯಿತು, ಮತ್ತೆ ಪರೀಕ್ಷೆ ಮಾಡಿ ಇನ್ನು ಭಯವಿಲ್ಲ ಎಂದೂ ಹೇಳಿದರು. ಮಗುವಿಗೆ ಮಾತ್ರ ಇನ್ನೂ ಬಹಳ ಕಾಲ ಔಷಧ ಬೇಕಿತ್ತು.

ಬೀನಾ ಬೈಯಲಿಲ್ಲ. ಬೈದಿದ್ದರೆ ಸೂಸಮ್ಮನಿಗೆ ಎಷ್ಟೋ ಹಗುರವಾಗುತ್ತಿತ್ತು. ಒಂದು ದಿನ ತರಕಾರಿ ತೊಳೆಯುತ್ತಾ, "ಕೆಲಸ ಬಿಟ್ಟೆ ಅತ್ತೆ. ಇನ್ಮೇಲೆ ಅವಳ ಊಟ ತಿಂಡಿ ನಾನೇ ನೋಡ್ಕೋತೀನಿ," ಎಂದಳು, ಅಷ್ಟೇ.

"ಆಯ್ತು ಕಣಮ್ಮ," ಎಂದಳು ಸೂಸಮ್ಮ. ಮತ್ತೆ ಯಾರ ಮನೆಯ ಹಂಡೆಯನ್ನೂ ಅವಳು ಮುಟ್ಟಲಿಲ್ಲ. ದಿನವಿಡೀ ಬಚ್ಚಲಲ್ಲಿ ನಿಂತು ಸೋಪು ತಿಕ್ಕುವಳು. ಅಂಗೈ ಬಿರಿದು ರಕ್ತ ಜಿನುಗುತ್ತಿತ್ತು. ಮೊಮ್ಮಗಳು ಹತ್ತಿರ ಬಂದರೆ ಗೋಡೆಗೆ ಸರಿದುಕೊಳ್ಳುವಳು. "ಅಜ್ಜಿ ನನ್ ಮೇಲೆ ಕೋಪ ಮಾಡ್ಕೊಂಡೈತೆ," ಎಂದು ಮಗು ತಾಯಿಯ ಹತ್ತಿರ ದೂರು ಹೇಳಿತು.

ಕ್ರಿಸ್ಮಸ್ ಹತ್ತಿರವಿದ್ದಾಗ ಮಗುವಿಗೆ ಮತ್ತೆ ಫಿಟ್ಸ್ ಬಂತು. ಬೀನಾ ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದಳು. ಸೂಸಮ್ಮನ ಕೈ ಮುಂದೆ ಚಾಚಿ ಗಾಳಿಯಲ್ಲೇ ನಿಂತಿತು. ಮರುಕ್ಷಣ ಅವಳು ನೆಲಕ್ಕೆ ಕುಸಿದು, ಡಾಕ್ಟರು ಹೇಳಿದ್ದಂತೆ ಮಗುವನ್ನು ಪಕ್ಕಕ್ಕೆ ಹೊರಳಿಸಿ, ನೊರೆಯನ್ನು ಸೆರಗಿನಲ್ಲಿ ಒರೆಸುತ್ತಾ, "ನನ್ ಬಂಗಾರ, ನನ್ ಚಿನ್ನ," ಎನ್ನುತ್ತಾ ಕೂತಳು. ಅದುರುವುದು ನಿಲ್ಲುವ ಹೊತ್ತಿಗೆ ಬೀನಾ ಓಡಿ ಬಂದಳು.

"ಕೈ ತೊಳ್ಕೊಂಡಿದ್ರಾ?"

ಆ ಮಾತು ಬೀನಾಳ ಬಾಯಿಂದ ತಾನಾಗಿ ಬಂದುಬಿಟ್ಟಿತ್ತು. ಅವಳೇ ಬೆಚ್ಚಿಬಿದ್ದಳು.

"ತೊಳ್ಕೊಂಡಿದ್ದೆ ಕಣಮ್ಮ," ಎಂದು ಸೂಸಮ್ಮ, ಟೀಚರ್ ಮುಂದೆ ನಿಂತ ಶಾಲೆಯ ಮಗುವಿನಂತೆ, ಎರಡೂ ಅಂಗೈ ಬಿಡಿಸಿ ತೋರಿಸಿದಳು.

ಬೀನಾಳಿಗೆ ನೋಡಲಾಗಲಿಲ್ಲ. ಮಗುವನ್ನು ಎತ್ತಿಕೊಂಡು ಒಳಗೆ ಹೋದಳು.