ಟಂಟಂನಲ್ಲಿ ಭಿನ್ನರಾಶಿ

ಸಗರದ ಸರಕಾರಿ ಶಾಲೆಯ ಶಿಕ್ಷಕಿ ಮಲ್ಲಿಕಮ್ಮನಿಗೆ ಡಿಸೆಂಬರ್ ಎಂದರೆ ಖಾಲಿ ಬೆಂಚುಗಳ ತಿಂಗಳು. ಕಾಲುವೆ ನೀರು ಬಂದಮೇಲೆ ಸುತ್ತಲ ಹೊಲಗಳಲ್ಲಿ ಹತ್ತಿ ಹೆಚ್ಚಿತು. ಬಿಡಿಸಲು ತಾಯಂದಿರ ಜತೆ ಹೆಣ್ಣುಮಕ್ಕಳೂ ಟಂಟಂ ಆಟೊ ಏರಿ ಹೋಗತೊಡಗಿದರು. ಹಿಂದಿನ ವರ್ಷ ಹಾಗೆ ಹೋದ ಇಬ್ಬರು ಮರಳುವ ಹೊತ್ತಿಗೆ ಪಾಠ ಬಹಳ ಮುಂದೆ ಸಾಗಿತ್ತು. ಏನೂ ತಿಳಿಯದೆ ಒಂದು ವಾರ ಕೂತು, ಶಾಲೆ ಬಿಟ್ಟೇಬಿಟ್ಟರು. ಈ ವರ್ಷ ಆರನೆಯ ತರಗತಿಯ ಬಾಲಮ್ಮ ಹೋಗಿದ್ದಳು. ಅವಳೂ ಕೈತಪ್ಪಿಯಾಳು ಎಂಬ ಚಿಂತೆಯಿಂದಲೇ ಮಲ್ಲಿಕಮ್ಮ ಭೀಮರಾಯನಗುಡಿಯಲ್ಲಿ ನಡೆದ ಚಳಿಗಾಲದ ಶಾಲೆಗೆ ಹೆಸರು ಕೊಟ್ಟಳು. ತಂತ್ರಜ್ಞಾನ ಬಳಸಿ ಕಲಿಸುವುದು ಹೇಗೆಂದು ಶಿಕ್ಷಕರಿಗೆ ಹೇಳಿಕೊಡುವ ಶಿಬಿರ ಅದು. ಕೊನೆಯ ದಿನ ಪ್ರತಿಯೊಬ್ಬರೂ ತಾವು ಮಾಡಿ ನೋಡಿದ್ದನ್ನು ಎಲ್ಲರ ಮುಂದೆ ಹೇಳಬೇಕು.

ಉಳಿದವರು ಮೊಬೈಲಿಗೆ ವಿಡಿಯೊ ಪಾಠ ಮಾಡಿದರು. ಬಾಲಮ್ಮನ ಮನೆಯ ಒಂದೇ ಫೋನು ಅಪ್ಪನ ಅಂಗಿಯ ಕಿಸೆಯಲ್ಲಿರುತ್ತಿತ್ತು. ಅವಳ ಕಿವಿಗೆ ದಿನಾ ಬೀಳುತ್ತಿದ್ದುದು ಅವರನ್ನು ಹೊಲಕ್ಕೆ ಒಯ್ಯುವ ಮನ್ಸೂರಅಲಿಯ ಟಂಟಂನ ಸ್ಪೀಕರು. ಆದ್ದರಿಂದ ಮಲ್ಲಿಕಮ್ಮ ಭಿನ್ನರಾಶಿಯ ಪಾಠವನ್ನು ತನ್ನ ದನಿಯಲ್ಲೇ ರೆಕಾರ್ಡ್ ಮಾಡಿ, ಪೆನ್‌ಡ್ರೈವಿಗೆ ಹಾಕಿ ಅವನ ಕೈಗಿತ್ತಳು.

ಮರುದಿನ ಸಂಜೆ ಶಿಬಿರದಿಂದ ಬಂದವಳೇ ಅವನನ್ನು ವಿಚಾರಿಸಿದಳು.

“ನಿಮ್ಮ ಪೆನ್‌ಡ್ರೈವ್ ಕೆಟ್ಟದ್ರಿ ಅಕ್ಕೋರ,” ಎಂದ ಮನ್ಸೂರಅಲಿ. “ನಾಕ ಮಾತಾಡ್ತದ, ಗಪ್ಪಾಗ್ತದ. ನಾ ಹಾಡ ಹಚ್ಚಿದೆ.”

“ಕೆಟ್ಟಿಲ್ಲಪ್ಪ. ಹುಡುಗೂರು ಉತ್ತರ ಹೇಳ್ಲಿ ಅಂತ ನಾನೇ ಗಪ್ಪಾಗೀನಿ.”

“ಟಂಟಂನಾಗ ಗಪ್ಪಾತಂದ್ರ ಕೆಟ್ಟಂಗೇ. ಹಿಂದ ಕುಂತವ್ರು ಸುಮ್ನಿರಂಗಿಲ್ರಿ, ಗಾಡಿ ಬಡೀತಾರ.”

ಪ್ರಶ್ನೆ ಕೇಳಿ ಕಾಯುವುದು ಅವಳಿಗೆ ತರಗತಿಯಲ್ಲಿ ಬಂದ ರೂಢಿ. ಅದನ್ನು ಬಿಡಲು ಮನಸ್ಸಾಗಲಿಲ್ಲ. ಪಾಠವನ್ನು ಮತ್ತೆ ರೆಕಾರ್ಡ್ ಮಾಡುವಾಗ, ಕಾಯುವ ಕಡೆಗಳಲ್ಲೆಲ್ಲ ಚಮಚದಿಂದ ಸ್ಟೀಲ್ ತಾಟು ಬಡಿದಳು. ರವಿವಾರ ಶಿಬಿರಕ್ಕೆ ಬಿಡುವು. ತಾನೂ ಟಂಟಂ ಹತ್ತಿದಳು.

“ಅರ್ಧ ಕಿಲೋ ಬೆಲ್ಲಕ್ಕ ಪಾವ್ ಕಿಲೋ ಕೂಡಿಸಿದ್ರ ಎಷ್ಟಾತು?” ಎಂದಿತು ಸ್ಪೀಕರು. ತಾಟಿನ ಸದ್ದು ಶುರುವಾಯಿತು. ಹಾಡು ಹಚ್ಚಲು ಸ್ಪೀಕರಿನ ಗುಂಡಿಯತ್ತ ಹೋದ ಮನ್ಸೂರಅಲಿಯ ಕೈ ಹಿಂದಕ್ಕೆ ಬಂದು ಹ್ಯಾಂಡಲ್ ಹಿಡಿಯಿತು.

“ಹೋಳಿಗಿಗಿ ಸಾಲಂಗಿಲ್ಲ ತಗೋರಿ,” ಎಂದಳು ಮೂಲೆಯಲ್ಲಿದ್ದ ಬಾಲಮ್ಮನ ಚಿಕ್ಕಮ್ಮ ಹಣಮಂತಮ್ಮ. ಹೆಂಗಸರು ನಕ್ಕರು.

“ಚಿಗವ್ವ, ನೀ ಸುಮ್ಕಿರು,” ಎಂದಳು ಬಾಲಮ್ಮ. “ಮುಕ್ಕಾಲು.”

ತಾಟು ನಿಂತಿತು. ಸ್ಪೀಕರು ಅದನ್ನೇ ಹೇಳಿತು. ಹಣಮಂತಮ್ಮ ಹುಡುಗಿಯನ್ನು ಮೇಲಿಂದ ಕೆಳಗೆ ನೋಡಿದಳು. “ಇಕಿ ಹತ್ತಿ ತೂಕದ ಮುಂದ ನಿಂತ್ರ ಸಾವ್ಕಾರ್ಗ ಕಷ್ಟ ಅದ.”

ಶಿಬಿರದ ಕೊನೆಯ ದಿನ ಮಲ್ಲಿಕಮ್ಮ ಇದನ್ನೆಲ್ಲ ಹೇಳಿದಳು. ಎಷ್ಟು ಮಕ್ಕಳ ಮೇಲೆ ಮಾಡಿ ನೋಡಿದಿರಿ ಎಂದು ಶಿಬಿರ ನಡೆಸಿದ ಪ್ರಾಧ್ಯಾಪಕರು ಕೇಳಿದರು.

“ಒಬ್ಬಾಕಿ ಮ್ಯಾಲ್ರಿ.”

ಒಬ್ಬಳಿಂದ ಏನನ್ನೂ ಖಚಿತವಾಗಿ ಹೇಳಲಾಗದು ಎಂದರು ಅವರು. ಮಲ್ಲಿಕಮ್ಮನಿಗೂ ಅದು ಸರಿ ಎನಿಸಿತು. ಆದರೂ ಪ್ರತಿ ವಾರ ಹೊಸ ಪಾಠ ಮನ್ಸೂರಅಲಿಯ ಕೈಸೇರುತ್ತ ಹೋಯಿತು.

ಫೆಬ್ರವರಿಯಲ್ಲಿ ಹತ್ತಿ ಮುಗಿದು ಬಾಲಮ್ಮ ಶಾಲೆಗೆ ಬಂದಳು. ಒಂದು ವಾರ ಕಳೆಯಿತು. ಎರಡನೆಯ ಸೋಮವಾರ ಹಾಜರಿ ಕೂಗುವಾಗ ಮಲ್ಲಿಕಮ್ಮ ತಲೆ ಎತ್ತಿ ನೋಡಿದಳು. ಹುಡುಗಿ ಜಾಗದಲ್ಲೇ ಇದ್ದಳು. ಗಣಿತದ ಪಾಠದಲ್ಲಿ ಮಲ್ಲಿಕಮ್ಮ ಪ್ರಶ್ನೆ ಕೇಳಿ, ಎಂದಿನಂತೆ ಉತ್ತರಕ್ಕೆ ಕಾಯುತ್ತ ನಿಂತಳು. ಬಾಲಮ್ಮ ಪೆನ್ಸಿಲಿನಿಂದ ಬೆಂಚು ಬಡಿಯುತ್ತ ಲೆಕ್ಕ ಹಾಕತೊಡಗಿದಳು.